ಕಾರ್ಗಿಲ್‌ನ ಯುದ್ಧನೆಲಕ್ಕೆ ಹೊರಟಿದ್ದೀರಾ? ಮೆಟಲ್ ಡಿಟೆಕ್ಟರ್ ಮನೆಯಲ್ಲೇ ಇರಲಿ

ಕಳೆದ ಬೇಸಿಗೆಯಲ್ಲಿ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಗೆಳೆಯರೆಲ್ಲ ಸೇರಿ ಕಾರ್ಗಿಲ್‌ಗೆ ಹೊರಟಿದ್ದೇವೆ. ಒಂದು ಮೆಟಲ್ ಡಿಟೆಕ್ಟರ್ ತರಿಸಿಟ್ಟಿದ್ದೇನೆ. ದ್ರಾಸ್ ಕಡೆ ಎಲ್ಲಿ ಹುಡುಕಿದರೆ ಗುಂಡಿನ ಚೂರು, ಶೆಲ್ಲಿನ ತುಂಡು ಸಿಗುತ್ತದೆ, ಹೇಳುತ್ತೀರಾ?" ಎಂದು ಕೇಳಿದ. ಅವನ ಆಸೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪಾಠದಲ್ಲಿ ಓದಿದ, ಟಿ.ವಿ.ಯಲ್ಲಿ ನೋಡಿದ ಯುದ್ಧದ ಒಂದು ಚೂರನ್ನು ಅಂಗೈಯಲ್ಲಿ ಹಿಡಿದು ನೋಡಬೇಕು ಎಂಬ ಹಂಬಲ ನನಗೂ ಇತ್ತು. ಆದರೆ ಆ ಚೂರನ್ನು ಹುಡುಕುವ ದಾರಿ ಅವನು ಅಂದುಕೊಂಡದ್ದಲ್ಲ. ಅವನಿಗೆ ಫೋನಿನಲ್ಲಿ ಅರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ, ಹೋಗುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಂತ್ರವನ್ನು ಚೀಲದಿಂದ ಹೊರಗಿಡಿ

ಮೆಟಲ್ ಡಿಟೆಕ್ಟರ್ ಮಾಡುವ ಕೆಲಸ ಸರಳ. ಕೆಳಗಿನ ತಟ್ಟೆಯೊಳಗಿರುವ ತಂತಿಸುರುಳಿ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಮಣ್ಣಿನೊಳಗೆ ಲೋಹವಿದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿ ಏಳುತ್ತದೆ. ಆ ಸುಳಿಯ ಪ್ರತಿಸ್ಪಂದನವನ್ನು ಹಿಡಿದು ಯಂತ್ರ ಕೂಗುತ್ತದೆ. ಲೋಹವಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಬಿದ್ದಿರುವುದು ಬೂಟಿನ ಮೊಳೆಯೋ, ಸಿಡಿದ ಶೆಲ್ಲಿನ ಚೂರೋ, ಸಿಡಿಯದೆ ಉಳಿದ ಇಡೀ ಶೆಲ್ಲೋ ಎಂದು ಅದು ಹೇಳುವುದಿಲ್ಲ. ತಿಳಿಯಬೇಕೆಂದರೆ ನೀವು ಅಗೆಯಬೇಕು.

1999ರ ಯುದ್ಧದಲ್ಲಿ ನಮ್ಮ ಫಿರಂಗಿ ದಳಗಳು ಹಾರಿಸಿದ ಶೆಲ್, ಬಾಂಬ್ ಮತ್ತು ರಾಕೆಟ್‌ಗಳ ಒಟ್ಟು ಸಂಖ್ಯೆ ಸುಮಾರು 2.5 ಲಕ್ಷ. ಆ ಕಡೆಯಿಂದ ಬಂದು ಬಿದ್ದವು ಬೇರೆ. ಅಷ್ಟೂ ಸಿಡಿದಿಲ್ಲ. ಕೆಲವು ಮೆತ್ತನೆಯ ಹಿಮಕ್ಕೆ ಬಿದ್ದು ಹೂತುಹೋದವು, ಕೆಲವು ಬಂಡೆಗೆ ಓರೆಯಾಗಿ ತಾಗಿ ಜಾರಿದವು. ಇಲ್ಲಿ ಒಂದು ಸಂಗತಿಯನ್ನು ಮನಸ್ಸಿಟ್ಟು ತಿಳಿದುಕೊಳ್ಳಿ. ಶೆಲ್ ಪೆಟ್ಟಿಗೆಯಲ್ಲಿರುವಾಗ ಅದರ ಫ್ಯೂಸಿಗೆ ಭದ್ರತೆಯ ಬೀಗಗಳಿರುತ್ತವೆ. ಫಿರಂಗಿಯ ನಳಿಕೆಯಲ್ಲಿ ಬೀಳುವ ಒದೆತ ಮತ್ತು ಹಾರುವಾಗ ಗಿರಗಿರನೆ ತಿರುಗುವ ವೇಗ ಸೇರಿ ಆ ಬೀಗಗಳನ್ನು ತೆರೆಯುತ್ತವೆ. ಬಿದ್ದೂ ಸಿಡಿಯದ ಶೆಲ್ ಎಂದರೆ ಬೀಗ ತೆರೆದುಕೊಂಡು ಕೊನೆಯ ಒಂದು ಏಟಿಗೆ ಕಾದು ಮಲಗಿರುವ ಶೆಲ್. ಹಳೆಯದಾಯಿತು, ತುಕ್ಕು ಹಿಡಿಯಿತು, ಇನ್ನೇನೂ ಆಗದು ಎಂಬ ಧೈರ್ಯಕ್ಕೆ ಆಧಾರವಿಲ್ಲ. ಒಳಗಿನ ಸಿಡಿಮದ್ದು ದಶಕಗಟ್ಟಲೆ ಕೆಡುವುದಿಲ್ಲ. ಕೆಡುವುದು ಅದನ್ನು ತಡೆದು ಹಿಡಿದಿರುವ ಭಾಗಗಳು. ಬೆಲ್ಜಿಯಮ್ಮಿನ ರೈತರು ನೂರು ವರ್ಷ ಹಿಂದಿನ ಮೊದಲ ಮಹಾಯುದ್ಧದ ಶೆಲ್ಲುಗಳನ್ನು ಇಂದಿಗೂ ನೇಗಿಲ ಸಾಲಿನಲ್ಲಿ ಎತ್ತಿ ಸೇನೆಗೆ ಒಪ್ಪಿಸುತ್ತಿದ್ದಾರೆ. ನಮ್ಮ ಕಾರ್ಗಿಲ್‌ಗೆ ಇನ್ನೂ ಮೂವತ್ತು ವರ್ಷವೂ ತುಂಬಿಲ್ಲ.

2023ರ ಏಪ್ರಿಲ್‌ನಲ್ಲಿ ಕಾರ್ಗಿಲ್ ಪಟ್ಟಣದ ಮೇಲ್ಭಾಗದ ಕುರ್ಬಾಥಾಂಗ್‌ನಲ್ಲಿ, ಮಕ್ಕಳು ಫುಟ್‌ಬಾಲ್ ಆಡುವ ಮೈದಾನದ ಬಳಿ ಹಳೆಯ ಸ್ಫೋಟಕವೊಂದು ಸಿಡಿಯಿತು. ಒಬ್ಬ ಬಾಲಕ ಸತ್ತ, ಇಬ್ಬರು ಗಾಯಗೊಂಡರು. ಯುದ್ಧ ನಡೆದಾಗ ಆ ಮಕ್ಕಳು ಹುಟ್ಟಿಯೇ ಇರಲಿಲ್ಲ.

ನೆಲಬಾಂಬಿನ ವಿಷಯ ಇನ್ನೂ ಕಷ್ಟದ್ದು. ಕಾಲಿಗೆ ಸಿಡಿಯುವ ಸಣ್ಣ ನೆಲಬಾಂಬುಗಳಲ್ಲಿ ಹಲವಕ್ಕೆ ಪ್ಲಾಸ್ಟಿಕ್ ಕವಚ. ಲೋಹ ಇರುವುದು ಕೆಲವೇ ಗ್ರಾಂ. ಅಂಗಡಿಯಲ್ಲಿ ಕೊಂಡ ಯಂತ್ರ ಅದರ ಮೇಲೆ ಹಾದುಹೋದರೂ ಸುಮ್ಮನಿರಬಹುದು. ಸದ್ದಿಲ್ಲ ಎಂದರೆ ಅಪಾಯವಿಲ್ಲ ಎಂದು ನಂಬಿ ಮುಂದಿನ ಹೆಜ್ಜೆ ಇಡುತ್ತೀರಿ. ಜೊತೆಗೆ, ಈ ಬಾಂಬುಗಳು ಇಟ್ಟ ಜಾಗದಲ್ಲೇ ಇರುವುದಿಲ್ಲ. ಹಿಮಕುಸಿತ ಮತ್ತು ಕರಗಿದ ನೀರು ಅವುಗಳನ್ನು ಇಳಿಜಾರಿನಿಂದ ತೊರೆಗೆ, ತೊರೆಯಿಂದ ಕಣಿವೆಗೆ ಇಳಿಸುತ್ತವೆ. ಸೇನೆಯ ನಕ್ಷೆಯಲ್ಲಿ ಗುರುತಿಲ್ಲದ ಜಾಗದಲ್ಲೂ ಒಂದು ಇರಬಹುದು.

ಕಾನೂನೂ ಇದೇ ಮಾತು ಹೇಳುತ್ತದೆ. 1878ರ ನಿಧಿ ಕಾಯ್ದೆಯ ಪ್ರಕಾರ, ಮಣ್ಣಿನಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಜೀವಂತ ಗುಂಡು ನಿಮ್ಮ ಬಳಿ ಇದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆ, ಸಿಡಿಮದ್ದಿದ್ದರೆ 1908ರ ಸ್ಫೋಟಕ ವಸ್ತುಗಳ ಕಾಯ್ದೆ, ಸೇನಾ ನೆಲೆಯ ಸುತ್ತ ಅನುಮಾನ ಬರುವಂತೆ ಸುಳಿದಾಡಿದರೆ 1923ರ ಅಧಿಕೃತ ರಹಸ್ಯ ಕಾಯ್ದೆ. ಹವ್ಯಾಸಿಗಳು ಸಿಕ್ಕ ವಸ್ತುವನ್ನು ದಾಖಲಿಸಿ ಇಟ್ಟುಕೊಳ್ಳಲು ಬ್ರಿಟನ್‌ನಲ್ಲಿ ಇರುವಂಥ ವ್ಯವಸ್ಥೆ ನಮ್ಮಲ್ಲಿಲ್ಲ. ಅಲ್ಲಿಯೂ ಸೇನಾ ವಿಮಾನ ಬಿದ್ದ ಜಾಗವನ್ನು ಪರವಾನಗಿ ಇಲ್ಲದೆ ಅಗೆಯುವಂತಿಲ್ಲ. ನಮ್ಮೂರ ಹಾಳು ಗುಡಿಯ ಬಳಿ ಯಂತ್ರ ಹಿಡಿದು ನೆಲ ಕೆದಕುವವನನ್ನು ಜನ ನಿಧಿಗಳ್ಳ ಎಂದು ಹಿಡಿದು ಕೊಡುತ್ತಾರೆ. ನಿಯಂತ್ರಣ ರೇಖೆಯ ಹತ್ತಿರ ಅದನ್ನೇ ಮಾಡಿದರೆ ಯಾವ ಹೆಸರಿನಿಂದ ಕರೆಯಬಹುದು ಎಂಬುದನ್ನು ನೀವೇ ಊಹಿಸಿ.

ಇದೆಲ್ಲಕ್ಕಿಂತ ನನ್ನನ್ನು ತಡೆಯುವ ಕಾರಣ ಇನ್ನೊಂದಿದೆ. ಆ ಎತ್ತರಗಳಲ್ಲಿ ಸತ್ತ ಪಾಕಿಸ್ತಾನಿ ಸೈನಿಕರಲ್ಲಿ ಹಲವರನ್ನು ನಮ್ಮ ಸೈನಿಕರೇ ಧರ್ಮವಿಧಿಯಂತೆ ಅಲ್ಲಿಯೇ ಮಣ್ಣು ಮಾಡಿದರು. ಬಕಲ್ಲು ಸಿಕ್ಕೀತೆಂದು ನೀವು ಕೆದಕುವ ನೆಲ ಒಬ್ಬ ತಾಯಿಯ ಮಗನ ಗೋರಿಯಾಗಿರಬಹುದು.

ಯಂತ್ರಕ್ಕೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ದುರ್ಬೀನು ಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಎರಡನೆಯದು: ಮಡಿಕೇರಿಯಿಂದ ಹೊರಡಿ

ಸಾಧ್ಯವಾದರೆ ಪ್ರಯಾಣಕ್ಕೆ ಮುಂಚೆ ಒಂದು ದಿನ ಮಡಿಕೇರಿಗೆ ಹೋಗಿ ಬನ್ನಿ. ಅಲ್ಲಿನ 'ಸನ್ನಿ ಸೈಡ್' ಮನೆ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರದು. 2021ರ ಫೆಬ್ರುವರಿಯಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಅಂಗಳದಲ್ಲಿ ನಿಂತಿರುವ ಹಳೆಯ ಟ್ಯಾಂಕಿನ ಎದುರು ಸ್ವಲ್ಪ ಹೊತ್ತು ನಿಲ್ಲಿ. ಅದರ ಗಾತ್ರ, ಪಟ್ಟಿಗಳ ಅಗಲ, ಉಕ್ಕಿನ ದಪ್ಪ ಕಣ್ಣಿನಲ್ಲಿ ಉಳಿಯಲಿ. ಮುಂದೆ, ಕಾಶ್ಮೀರದಿಂದ ಲಡಾಖ್‌ಗೆ ದಾಟುವ ಜೋಜಿ ಲಾ ಕಣಿವೆಯ ಅಂಚಿನಲ್ಲಿ ಇದು ನೆನಪಿಗೆ ಬರಬೇಕು. ಪುಸ್ತಕದಲ್ಲಿ ಓದಿ ಹೋದದ್ದಕ್ಕೂ ಹೀಗೆ ನೋಡಿ ಹೋದದ್ದಕ್ಕೂ ಬಹಳ ವ್ಯತ್ಯಾಸವಿದೆ.

ಮೂರನೆಯದು: ಕಾಲ, ದಾರಿ, ಕಾಗದ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಿ. ಚಳಿಗಾಲದಲ್ಲಿ ಜೋಜಿ ಲಾ ಹಿಮದಿಂದ ಮುಚ್ಚುತ್ತದೆ. ಜುಲೈ 26ರ ವಿಜಯ ದಿವಸದ ಸುತ್ತಮುತ್ತ ದ್ರಾಸ್‌ನಲ್ಲಿ ಜನ ಕಿಕ್ಕಿರಿಯುತ್ತಾರೆ, ಗಣ್ಯರ ಭದ್ರತೆಯೂ ಬಿಗಿಯಾಗಿರುತ್ತದೆ. ಸಮಾಧಾನವಾಗಿ ನೋಡಬೇಕೆನ್ನುವವರಿಗೆ ಸೆಪ್ಟೆಂಬರ್ ಮೊದಲ ವಾರಗಳೇ ಸರಿ ಎಂಬುದು ನನ್ನ ಅನುಭವ.

ವಿಮಾನದಲ್ಲಿ ನೇರ ಲೇಹ್‌ಗೆ ಇಳಿಯುವುದಕ್ಕಿಂತ ಶ್ರೀನಗರದಿಂದ ರಸ್ತೆಯಲ್ಲಿ ಏರುವುದು ದೇಹಕ್ಕೆ ಹಿತ. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ದ್ರಾಸ್ ಸುಮಾರು 3,300, ಕಾರ್ಗಿಲ್ ಮತ್ತೆ ಸುಮಾರು 2,700ಕ್ಕೆ ಇಳಿಯುತ್ತದೆ. ಏರಿ, ನೋಡಿ, ತುಸು ಕೆಳಗಿಳಿದು ಮಲಗುವ ಈ ಕ್ರಮ ಕರಾವಳಿಯಿಂದ ಬಂದವರಿಗೂ ಒಗ್ಗುತ್ತದೆ. ಮೊದಲ ಎರಡು ದಿನ ಓಡಾಟ ನಿಧಾನವಿರಲಿ, ನೀರು ಹೆಚ್ಚು ಕುಡಿಯಿರಿ. ತಲೆನೋವಿನ ಜೊತೆ ವಾಂತಿ, ತಡವರಿಸುವ ನಡಿಗೆ ಕಾಣಿಸಿದರೆ ಕಾಯದೆ ಕೆಳಗಿಳಿಯಿರಿ.

ಶ್ರೀನಗರ–ಲೇಹ್ ಹೆದ್ದಾರಿ, ದ್ರಾಸ್ ಮತ್ತು ಕಾರ್ಗಿಲ್ ಪಟ್ಟಣಕ್ಕೆ ಭಾರತೀಯರಿಗೆ ವಿಶೇಷ ಅನುಮತಿ ಬೇಕಿಲ್ಲ. ಲಡಾಖ್‌ನ ನಿರ್ಬಂಧಿತ ಪ್ರದೇಶಗಳಿಗೆ ಭಾರತೀಯ ಪ್ರಜೆಗಳು ಪಡೆಯಬೇಕಿದ್ದ ಒಳರೇಖೆ ಪರವಾನಗಿಯನ್ನು (ಇನ್ನರ್ ಲೈನ್ ಪರ್ಮಿಟ್) 2021ರ ಆಗಸ್ಟ್‌ನಲ್ಲಿ ಕೈಬಿಡಲಾಯಿತು. ಆದರೂ ಗಡಿಯ ನಿಯಮ ಗಡಿಯ ಪರಿಸ್ಥಿತಿಯನ್ನು ಅವಲಂಬಿಸಿರುತ್ತದೆ. ನಿನ್ನೆ ತೆರೆದಿದ್ದ ಹಳ್ಳಿಯ ರಸ್ತೆಯನ್ನು ಇಂದು ಮುಚ್ಚಬಹುದು. ಕಾರ್ಗಿಲ್ ತಲುಪಿದ ದಿನವೇ ಅಲ್ಲಿನ ಪ್ರವಾಸೋದ್ಯಮ ಕಚೇರಿಗೆ ಹೋಗಿ, ನೀವು ಹೋಗಬೇಕೆಂದಿರುವ ಹಳ್ಳಿಗಳ ಹೆಸರು ಹೇಳಿ ಕೇಳಿ. ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಬರುವ ಕನ್ನಡಿಗರು ಒಂದು ಮಾತು ಗಮನಿಸಬೇಕು. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಸಂರಕ್ಷಿತ ಪ್ರದೇಶಗಳಿಗೆ ಹೋಗಲು ಪ್ರತ್ಯೇಕ ಅನುಮತಿ ಪಡೆಯಲೇಬೇಕು. ಊರಿನಲ್ಲಿರುವ ತಮ್ಮನ ಆಧಾರ್ ಜೊತೆ ನಿಮ್ಮ ಕಾರ್ಡನ್ನೂ ತೋರಿಸಿದರೆ ನಡೆಯುತ್ತದೆ ಎಂದುಕೊಳ್ಳಬೇಡಿ.

ಮೂಲ ಗುರುತಿನ ಚೀಟಿ ಇಟ್ಟುಕೊಳ್ಳಿ, ಎರಡು ನಕಲು ಪ್ರತಿಗಳೂ ಇರಲಿ. ಹೊರಗಿನ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಉಪಗ್ರಹ ಫೋನ್ ಮತ್ತು ಉಪಗ್ರಹದ ಮೂಲಕ ಸಂದೇಶ ಕಳಿಸುವ ಚಾರಣದ ಉಪಕರಣಗಳನ್ನು ಅನುಮತಿ ಇಲ್ಲದೆ ಭಾರತದಲ್ಲಿ ಬಳಸುವಂತಿಲ್ಲ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗಳನ್ನು ವಿಮಾನ ನಿಲ್ದಾಣದಲ್ಲೇ ಬಂಧಿಸಿದ್ದುಂಟು. ಡ್ರೋನ್ ಬೇಡವೇ ಬೇಡ.

ಸೇನೆ ಮತ್ತು ಪ್ರವಾಸೋದ್ಯಮ ಇಲಾಖೆ ಸೇರಿ 2025ರ ಜನವರಿಯಲ್ಲಿ 'ಭಾರತ್ ರಣಭೂಮಿ ದರ್ಶನ್' ಎಂಬ ಜಾಲತಾಣವನ್ನು ಆರಂಭಿಸಿದವು. ಯಾವ ಯುದ್ಧಭೂಮಿಗೆ ಸಾರ್ವಜನಿಕರು ಹೋಗಬಹುದು, ಹೇಗೆ ಹೋಗಬೇಕು ಎಂಬ ವಿವರ ಅದರಲ್ಲಿದೆ. ಹೊರಡುವ ಮೊದಲು ನೋಡಿ. ಅಲ್ಲಿ ತೆರೆದಿದೆ ಎಂದು ಹೇಳಿರದ ಶಿಖರಕ್ಕೆ ಕರೆದುಕೊಂಡು ಹೋಗುತ್ತೇನೆ ಎನ್ನುವ ದಲ್ಲಾಳಿಯ ಮಾತು ಕೇಳಬೇಡಿ.

ನಾಲ್ಕನೆಯದು: ಜೋಜಿ ಲಾ

ಸೋನಮರ್ಗ್ ದಾಟಿದ ಮೇಲೆ ಬಾಲ್ಟಾಲ್ ಬಳಿ ರಸ್ತೆ ಬಂಡೆಗೆ ಅಂಟಿಕೊಂಡು ಏರತೊಡಗುತ್ತದೆ. ಬಹುತೇಕ ಪ್ರವಾಸಿಗಳು ಕಣ್ಣು ಮುಚ್ಚಿಕೊಂಡು ಈ ದಾರಿಯನ್ನು ದಾಟುತ್ತಾರೆ. ನೀವು ಕಣ್ಣು ತೆರೆದಿರಿ, ಏಕೆಂದರೆ ಇದು 1948ರ ಯುದ್ಧಭೂಮಿ. ಆಗ ಇಲ್ಲಿ ಇದ್ದದ್ದು ಹೇಸರಗತ್ತೆಗಳು ನಡೆಯುವ ಹಾದಿ. ಎತ್ತರ 3,500 ಮೀಟರಿಗೂ ಹೆಚ್ಚು. ಮೇಲೆ ಎರಡೂ ಬದಿಯ ಗುಹೆಗಳಲ್ಲಿ ಪಾಕಿಸ್ತಾನದ ಕಡೆಯ ಎದುರಾಳಿಗಳು ಕುಳಿತಿದ್ದರು. ಕಾಲಾಳುಗಳ ದಾಳಿ ವಿಫಲವಾಗಿತ್ತು. ಅತ್ತ ಲೇಹ್ ಮುತ್ತಿಗೆಯ ಭಯದಲ್ಲಿತ್ತು. ಆ ಭಾಗದ ಡಿವಿಷನ್ನಿನ ದಂಡನಾಯಕರಾಗಿದ್ದ ತಿಮ್ಮಯ್ಯನವರು ಟ್ಯಾಂಕುಗಳನ್ನೇ ಏರಿಸಲು ನಿರ್ಧರಿಸಿದರು.

ಏಳನೇ ಲಘು ಅಶ್ವದಳದ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರವನ್ನು ಬಿಚ್ಚಿ, ಮರೆಮಾಚಿ, ಗುಟ್ಟಾಗಿ ಬಾಲ್ಟಾಲ್‌ವರೆಗೆ ತಂದರು. ಹೇಸರಗತ್ತೆಯ ಹಾದಿಯನ್ನು ಟ್ಯಾಂಕ್ ಹತ್ತುವ ರಸ್ತೆಯಾಗಿ ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಇಂದಿಗೂ ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಅದೇ ದಳ. 1948ರ ನವೆಂಬರ್ 1ರಂದು, ಹಿಮ ಬೀಳುತ್ತಿರುವಾಗ, ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದವು. ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲೇ ಇದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಯುದ್ಧಕ್ಕಿಳಿದದ್ದು ಅದೇ ಮೊದಲು. ಅದೇ ತಿಂಗಳು ದ್ರಾಸ್ ಮತ್ತು ಕಾರ್ಗಿಲ್ ಮರಳಿ ನಮ್ಮ ವಶವಾದವು.

ಕಣಿವೆ ದಾಟಿ ಬಯಲು ಸಿಕ್ಕ ಮೇಲೆ, ಗುಮ್ರಿಯ ಕಡೆ ಇರುವ ಸ್ಮಾರಕದ ಬಳಿ ವಾಹನ ನಿಲ್ಲಿಸಿ ಹಿಂತಿರುಗಿ ನೋಡಿ. ಮಡಿಕೇರಿಯ ಅಂಗಳದಲ್ಲಿ ನೋಡಿದ ಆ ಉಕ್ಕಿನ ಭಾರವನ್ನು ಈ ಇಳಿಜಾರಿನ ಮೇಲೆ ಮನಸ್ಸಿನಲ್ಲೇ ಇಟ್ಟು ನೋಡಿ. ಕಡಿದಾದ ತಿರುವಿನಲ್ಲಿ ಮಾತ್ರ ಫೋಟೊಗೆಂದು ವಾಹನ ನಿಲ್ಲಿಸಬೇಡಿ. ಹಿಂದೆ ಸೇನೆಯ ಲಾರಿಗಳ ಸಾಲು ಬರುತ್ತಿರುತ್ತದೆ.

ಐದನೆಯದು: ದ್ರಾಸ್, ಮತ್ತು ಕಾಲಿನ ಶಿಸ್ತು

ಕಾರ್ಗಿಲ್ ಯುದ್ಧ ಸ್ಮಾರಕ ಇರುವುದು ದ್ರಾಸ್ ಪಟ್ಟಣದಿಂದ ಸುಮಾರು ಐದು ಕಿಲೊಮೀಟರ್ ದೂರದಲ್ಲಿ, ಹೆದ್ದಾರಿಯ ಪಕ್ಕದಲ್ಲೇ. ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಹುಡುಗ ಕೇಳಿದ್ದ ಲೋಹವೆಲ್ಲ ಇಲ್ಲಿದೆ. ವಶಪಡಿಸಿಕೊಂಡ ಬಂದೂಕುಗಳು, ಮದ್ದುಗುಂಡುಗಳು, ಸೈನಿಕರ ಬಳಕೆಯ ವಸ್ತುಗಳು ಎಲ್ಲವನ್ನೂ ನಿಷ್ಕ್ರಿಯಗೊಳಿಸಿ, ಎಲ್ಲಿ ಯಾರಿಂದ ಸಿಕ್ಕಿದವೆಂಬ ವಿವರದೊಂದಿಗೆ ಇಟ್ಟಿದ್ದಾರೆ. ಮಣ್ಣಿನಿಂದ ಕಿತ್ತು ಮನೆಗೆ ತಂದ ಚೂರಿಗೆ ಆ ವಿವರ ಇರುವುದಿಲ್ಲ. ಷೋಕೇಸಿನಲ್ಲಿಟ್ಟರೆ ಎರಡು ವರ್ಷದಲ್ಲಿ ಅದು ಬರಿಯ ಗುಜರಿ.

ಹುತಾತ್ಮರ ಹೆಸರುಗಳನ್ನು ಕೆತ್ತಿದ ಗೋಡೆಯ ಮುಂದೆ ನಿಂತು ಕರ್ನಾಟಕದವರ ಹೆಸರುಗಳನ್ನು ಹುಡುಕಿ. ಸ್ಮಾರಕದ ಹಿಂದೆ ಎದ್ದು ನಿಂತಿರುವುದೇ ತೊಲೊಲಿಂಗ್. 1999ರಲ್ಲಿ ಅದರ ಮೇಲೆ ಕುಳಿತಿದ್ದ ಪಾಕಿಸ್ತಾನಿ ಸೈನಿಕರಿಗೆ ಹೆದ್ದಾರಿಯಲ್ಲಿ ಹೋಗುವ ಒಂದೊಂದು ಲಾರಿಯೂ ಕಾಣುತ್ತಿತ್ತು ಎಂಬುದು ಕೆಳಗೆ ನಿಂತು ಮೇಲೆ ನೋಡಿದ ಕೂಡಲೇ ಅರ್ಥವಾಗುತ್ತದೆ. ಹದಿನೆಂಟನೇ ಗ್ರೆನೇಡಿಯರ್ಸ್ ವಾರಗಟ್ಟಲೆ ಹೋರಾಡಿ ಪ್ರಾಣ ತೆತ್ತ ಆ ಬೆಟ್ಟವನ್ನು ಜೂನ್ 13ರ ಬೆಳಗಿನ ಹೊತ್ತಿಗೆ ಎರಡನೇ ರಜಪೂತಾನಾ ರೈಫಲ್ಸ್ ಗೆದ್ದುಕೊಂಡಿತು. ಆ ಪಡೆಯನ್ನು ಮುನ್ನಡೆಸಿದವರು ದಾವಣಗೆರೆ ಮೂಲದ ಕರ್ನಲ್ ಎಂ.ಬಿ. ರವೀಂದ್ರನಾಥ್, ಅವರಿಗೆ ವೀರ ಚಕ್ರ ಸಂದಿತು. ನಮ್ಮ ಶಾಲೆಗಳಲ್ಲಿ ಈ ಹೆಸರನ್ನು ಎಷ್ಟು ಮಕ್ಕಳು ಕೇಳಿದ್ದಾರೆ ಎಂದು ಯೋಚಿಸಿದರೆ ನನಗೆ ನೋವಾಗುತ್ತದೆ. ನಿಮ್ಮ ಜೊತೆ ಮಕ್ಕಳಿದ್ದರೆ ಆ ಬೆಟ್ಟದ ಎದುರೇ ಅವರಿಗೆ ಈ ಕಥೆ ಹೇಳಿ.

ದ್ರಾಸ್ ಮತ್ತು ಮುಷ್ಕೋಹ್ ಕಣಿವೆಯಲ್ಲಿ ಹುಲ್ಲುಗಾವಲು, ತೊರೆ, ಹೂವು ಎಲ್ಲ ಕಂಡಾಗ ರಸ್ತೆ ಬಿಟ್ಟು ಇಳಿಯುವ ಆಸೆಯಾಗುತ್ತದೆ. ಜನ, ದನ ದಿನವೂ ಓಡಾಡಿ ಸವೆದ ಹಾದಿಯಲ್ಲಿ ಮಾತ್ರ ನಡೆಯಿರಿ, ಸ್ಥಳೀಯರೊಬ್ಬರು ಮುಂದಿರಲಿ. ಮುಳ್ಳುತಂತಿ, ಕೆಂಪು ತ್ರಿಕೋನದ ಫಲಕ, ಕೆಂಪು ಬಣ್ಣ ಬಳಿದ ಕಲ್ಲು ಕಂಡರೆ ಅದರಾಚೆ ಹೆಜ್ಜೆ ಇಡಬೇಡಿ. ತಂತಿ ಹಳೆಯದಾಗಿ ಬಿದ್ದುಹೋಗಿದ್ದರೂ ಅದೇ ನಿಯಮ.

ನೆಲದ ಮೇಲೆ ಅನುಮಾನದ ಲೋಹ ಕಂಡರೆ ಹೀಗೆ ಮಾಡಿ. ಇದ್ದಲ್ಲೇ ನಿಲ್ಲಿ. ಮುಟ್ಟಬೇಡಿ, ಕಾಲಿನಿಂದ ಹೊರಳಿಸಬೇಡಿ, ಕಲ್ಲು ಎಸೆಯಬೇಡಿ. ಜೊತೆಗಿರುವವರಿಗೆ ಜೋರಾಗಿ ಹೇಳಿ ನಿಲ್ಲಿಸಿ. ಬಂದ ಹೆಜ್ಜೆಗಳ ಮೇಲೆಯೇ ಹೆಜ್ಜೆಯಿಟ್ಟು ಹಿಂದಕ್ಕೆ ಬನ್ನಿ. ಫೋನನ್ನು ಅದರ ಹತ್ತಿರ ಬಳಸದೆ, ಸಾಕಷ್ಟು ದೂರ ಬಂದ ಮೇಲೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಸೇನಾ ಠಾಣೆಗೆ ಅಥವಾ ಪೊಲೀಸರಿಗೆ ತಿಳಿಸಿ. ಗುರುತಿಗೆ ದೂರದ ಮರವನ್ನೋ, ಸೇತುವೆಯನ್ನೋ, ಕಿಲೊಮೀಟರ್ ಕಲ್ಲನ್ನೋ ಹೇಳಿ. ಇದನ್ನು ಹೊರಡುವ ದಿನ ಬೆಳಿಗ್ಗೆ ಜೊತೆಯವರಿಗೆಲ್ಲ ಒಮ್ಮೆ ಬಾಯಿಬಿಟ್ಟು ಹೇಳಿರಬೇಕು. ಆ ಹೊತ್ತಿನಲ್ಲಿ ಹೇಳಲು ಸಮಯವಿರುವುದಿಲ್ಲ.

ಖಾಲಿ ತೋಟೆಯೊಂದನ್ನು ಜೇಬಿಗೆ ಹಾಕಿಕೊಂಡರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಶ್ರೀನಗರ ವಿಮಾನ ನಿಲ್ದಾಣದಲ್ಲಿ ಹೊರಗಿನ ಗೇಟಿನಿಂದಲೇ ಸಾಮಾನಿನ ತಪಾಸಣೆ ಶುರುವಾಗುತ್ತದೆ. ಚೀಲದಲ್ಲಿ ಒಂದೇ ಒಂದು ಗುಂಡು ಸಿಕ್ಕಿ ವಿಮಾನ ತಪ್ಪಿಸಿಕೊಂಡು ಪೊಲೀಸ್ ಠಾಣೆಯಲ್ಲಿ ಕುಳಿತವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ.

ಆರನೆಯದು: ಹುಂದರ್‌ಮಾನ್

ಕಾರ್ಗಿಲ್‌ನಿಂದ ಸುಮಾರು ಹತ್ತು ಕಿಲೊಮೀಟರ್ ಮೇಲಿರುವ ಹುಂದರ್‌ಮಾನ್ ಈ ಪ್ರಯಾಣದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ. 1971ರವರೆಗೆ ಈ ಹಳ್ಳಿ ಪಾಕಿಸ್ತಾನದ ವಶದಲ್ಲಿತ್ತು, ಆ ಯುದ್ಧದಲ್ಲಿ ಭಾರತದ ವಶಕ್ಕೆ ಬಂತು. ಜನ ಎಲ್ಲಿಗೂ ಹೋಗಲಿಲ್ಲ, ಗೆರೆಯೇ ಅವರ ಇನ್ನೊಂದು ಬದಿಗೆ ಸರಿಯಿತು. ಆ ರಾತ್ರಿ ಆಚೆಯ ಹಳ್ಳಿಯಲ್ಲಿದ್ದ ಮಗ, ಅಳಿಯ, ತಮ್ಮ ಆಚೆಯೇ ಉಳಿದರು.

ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಕಲ್ಲುಮಣ್ಣಿನ ಹಳೆಯ ಹಳ್ಳಿ ಈಗ ಖಾಲಿ. ಅದರ ಒಂದು ಮನೆಯಲ್ಲಿ ಊರಿನವರು ನೆನಪುಗಳ ಸಂಗ್ರಹಾಲಯ ಮಾಡಿದ್ದಾರೆ. ಪಾತ್ರೆಗಳು, ಬಟ್ಟೆ, ಆಚೆಯಿಂದ ಬಂದ ಪತ್ರಗಳು, ಹಳೆಯ ಪಾಸ್‌ಪೋರ್ಟ್, ಗುಂಡುಗಳು, ಶೆಲ್ಲಿನ ತುಂಡುಗಳು. ಒಳಗೆ ಬಗ್ಗಿ ನಡೆಯಬೇಕು, ಟಾರ್ಚ್ ಇರಲಿ. ಟಿಕೆಟ್ಟಿನ ಹಣ ಊರಿನವರಿಗೇ ಸೇರುತ್ತದೆ, ಚೌಕಾಸಿ ಮಾಡಬೇಡಿ. ತೋರಿಸುವವರು ಹಿಂದಿಯಲ್ಲಿ ವಿವರಿಸುತ್ತಾರೆ. ಪತ್ರಗಳ ಬಗ್ಗೆ ಅವರು ಹೇಳುವಾಗ ಕ್ಯಾಮೆರಾ ಕೆಳಗಿಡಿ. ಕಾರ್ಗಿಲ್ ಭಾಗದಲ್ಲಿ ಶಿಯಾ ಮುಸ್ಲಿಮರು ಹೆಚ್ಚು; ಸಲಾಂ ಹೇಳಿ ಮಾತು ಶುರು ಮಾಡಿದರೆ ಮುಖ ಅರಳುತ್ತದೆ. ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಮೊಹರಂ ದಿನಗಳಲ್ಲಿ ಹೋದರೆ ಅವರ ಶೋಕಕ್ಕೆ ತಕ್ಕಂತೆ ನಿಮ್ಮ ದನಿ ಇರಲಿ.

ದುರ್ಬೀನನ್ನು ಇಲ್ಲಿ ಹೊರತೆಗೆಯಿರಿ. ರಸ್ತೆಯಿಂದಲೇ ನಿಯಂತ್ರಣ ರೇಖೆಯ ಆಚೆಯ ಹೊಲಗಳು, ಮನೆಗಳು ಕಾಣುತ್ತವೆ. ನೋಡಬಹುದಾದ ಜಾಗವನ್ನು ಊರಿನವರೇ ತೋರಿಸುತ್ತಾರೆ. ಸೇನಾ ಠಾಣೆಗಳತ್ತ ತಿರುಗಿಸಬೇಡಿ.

ಏಳನೆಯದು: ಬಟಾಲಿಕ್ ದಾರಿಯಲ್ಲಿ ಲೇಹ್‌ಗೆ

ಅನುಮತಿ ಮತ್ತು ಪರಿಸ್ಥಿತಿ ಎರಡೂ ಸರಿ ಇದ್ದರೆ, ಹೆದ್ದಾರಿ ಬಿಟ್ಟು ಬಟಾಲಿಕ್ ಮೇಲೆ ಲೇಹ್‌ಗೆ ಹೋಗಿ. ಕಾರ್ಗಿಲ್‌ನಿಂದ ಬಟಾಲಿಕ್ ಐವತ್ತು ಕಿಲೊಮೀಟರ್‌ಗಿಂತ ತುಸು ಹೆಚ್ಚು. ಅಲ್ಲಿಂದ ಸಿಂಧೂ ನದಿಯ ದಂಡೆಯಲ್ಲಿ ಗರ್ಖೋನ್, ದಾಹ್, ಹಾನು ಹಳ್ಳಿಗಳು. ಬೆಳಿಗ್ಗೆ ಬೇಗ ಹೊರಡಿ, ಪೆಟ್ರೋಲ್ ಕಾರ್ಗಿಲ್‌ನಲ್ಲೇ ತುಂಬಿಸಿ. ಚೆಕ್‌ಪೋಸ್ಟ್‌ಗಳಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸಿ, ಅಲ್ಲಿನ ಫೋಟೊ ತೆಗೆಯಬೇಡಿ.

1999ರ ಮೇ ತಿಂಗಳ ಆರಂಭದಲ್ಲಿ ಗರ್ಖೋನ್‌ನ ಕುರಿಗಾಹಿ ತಾಶಿ ನಮ್ಗ್ಯಾಲ್ ತಪ್ಪಿಸಿಕೊಂಡಿದ್ದ ತನ್ನ ಯಾಕ್ ಹುಡುಕುತ್ತ ಈ ಬೆಟ್ಟಗಳನ್ನು ಏರಿದ್ದರು. ಕೈಯಲ್ಲಿ ದುರ್ಬೀನು ಇತ್ತು. ಯಾಕ್‌ಗಾಗಿ ಇಳಿಜಾರುಗಳನ್ನು ನೋಡುತ್ತಿದ್ದಾಗ ಪಠಾಣರ ಉಡುಪಿನಲ್ಲಿದ್ದ ಅಪರಿಚಿತರು ಬಂಕರ್ ತೋಡುತ್ತಿರುವುದು ಕಾಣಿಸಿತು. ಇಳಿದು ಬಂದು ಸೇನೆಗೆ ತಿಳಿಸಿದರು. ನುಸುಳುಕೋರರ ಬಗ್ಗೆ ಸೇನೆಗೆ ಸಿಕ್ಕ ಮೊದಲ ಸುಳಿವುಗಳಲ್ಲಿ ಅದು ಒಂದು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ದುರ್ಬೀನು ಕೊಳ್ಳಿ ಎಂದು ಹುಡುಗನಿಗೆ ಹೇಳಿದಾಗ ನನ್ನ ಮನಸ್ಸಿನಲ್ಲಿದ್ದವರು ಇವರೇ.

ಗರ್ಖೋನ್‌ನಲ್ಲಿ ರಸ್ತೆ ಬದಿ ವಾಹನ ನಿಲ್ಲಿಸಿ ಕಣಿವೆಯ ಮೇಲ್ಬದಿಯನ್ನು ಬರಿಗಣ್ಣಿನಿಂದ ಒಮ್ಮೆ, ದುರ್ಬೀನಿನಿಂದ ಒಮ್ಮೆ ನೋಡಿ. ಒಂದು ಯಾಕ್ ಎಷ್ಟು ದೊಡ್ಡದಾಗಿ ಕಾಣುತ್ತದೆ, ಒಬ್ಬ ಮನುಷ್ಯ ಎಷ್ಟು ಚಿಕ್ಕದಾಗಿ ಕಾಣುತ್ತಾನೆ ಎಂದು ಅಳೆಯಿರಿ. ಜುಲೈ ಕೊನೆ, ಆಗಸ್ಟ್ ತಿಂಗಳಾದರೆ ಹಳ್ಳಿಯವರು ಏಪ್ರಿಕಾಟ್ ಹಣ್ಣು ಮಾರುತ್ತಿರುತ್ತಾರೆ. ಒಣಗಿಸಿದ್ದು ಊರಿಗೆ ತರಲು ಒಳ್ಳೆಯದು. ಮುಂದೆ ಖಲ್ಚೆ ಬಳಿ ಮತ್ತೆ ಹೆದ್ದಾರಿ ಸಿಗುತ್ತದೆ. ಅಲ್ಲಿಂದ ಲೇಹ್‌ಗೆ ನೂರು ಕಿಲೊಮೀಟರಿಗೆ ತುಸು ಕಡಿಮೆ, ಕತ್ತಲಾಗುವುದರೊಳಗೆ ತಲುಪಬಹುದು.